ಸ್ಕೈಸ್ಕೌಟ್ ತಪ್ಪು ಹೆಸರು ಹೇಳುತ್ತಿದ್ದರೆ

ತಾರಸಿಯಲ್ಲಿ ನಿಂತು ಗುರುಗ್ರಹಕ್ಕೆ ಹಿಡಿದರೆ ನಿಮ್ಮ ಸೆಕೆಂಡ್ ಹ್ಯಾಂಡ್ ಸೆಲೆಸ್ಟ್ರಾನ್ ಸ್ಕೈಸ್ಕೌಟ್ (ಆಕಾಶಕಾಯದತ್ತ ಹಿಡಿದರೆ ಅದರ ಹೆಸರು ಹೇಳುವ ಕೈಸಾಧನ) ಬೇರೆ ನಕ್ಷತ್ರದ ಹೆಸರು ಹೇಳುತ್ತದೆ ಎಂದಿದ್ದೀರಿ. ಕೆಟ್ಟಿದೆ ಅಂತ ತೀರ್ಮಾನಿಸಬೇಡಿ, ಮೊದಲು ಬ್ಯಾಟರಿ ಮುಚ್ಚಳ ತೆಗೆದು ನೋಡಿ. ಎರಡೂ ಎಎ ಸೆಲ್‌ಗಳಿಗೆ ತೆಳು ಲೋಹದ ಕವಚ ಇರಬೇಕು. ಹಳೆಯ ಸಾಧನ ಕೈ ಬದಲಾಗುವಾಗ ಸುಲಭವಾಗಿ ಕಳೆದುಹೋಗುವ ಭಾಗ ಅದು. ಸೆಲ್‌ನ ಹೊರಮೈ ಉಕ್ಕಿನದು. ಕವಚವಿಲ್ಲದಿದ್ದರೆ ಅದರ ಕಾಂತತೆ ಒಳಗಿನ ದಿಕ್ಸೂಚಿ ಸೆನ್ಸರ್ ಅನ್ನು ದಾರಿ ತಪ್ಪಿಸುತ್ತದೆ.

ಕವಚ ಇದ್ದರೆ ಜಾಗದ್ದೇ ತೊಂದರೆ ಇರಬಹುದು. ತಾರಸಿಯ ಸ್ಲ್ಯಾಬಿನೊಳಗೆ ಕಬ್ಬಿಣದ ಸರಳು, ಪಕ್ಕದಲ್ಲಿ ಟ್ಯಾಂಕ್ ಸ್ಟ್ಯಾಂಡ್, ಜೇಬಿನಲ್ಲಿ ಮೊಬೈಲ್. ಬಯಲಿಗೆ ಹೋಗಿ, ವಾಹನಗಳಿಂದ ದೂರ ನಿಂತು, ಮೊಬೈಲ್ ಕೆಳಗಿಟ್ಟು ಮತ್ತೆ ಹಿಡಿಯಿರಿ. ಎತ್ತರವನ್ನು ಅಳೆಯುವುದು ಬೇರೆ ಸೆನ್ಸರ್, ಅದಕ್ಕೆ ಕಾಂತತೆ ತಾಗದು. ಹಾಗಾಗಿ ಅದು ಹೆಸರಿಸುವ ನಕ್ಷತ್ರ ನೀವು ಹಿಡಿದ ಕಡೆಯಿಂದ ಎಡಕ್ಕೋ ಬಲಕ್ಕೋ ಮಾತ್ರ ಜಾರಿದ್ದರೆ ಕಾರಣ ಬಹುಶಃ ಕಾಂತತೆಯೇ. ಚಾಚಿದ ಕೈಯ ಒಂದು ಮುಷ್ಟಿ ಸುಮಾರು 10 ಡಿಗ್ರಿ, ಜಾರಿದ್ದೆಷ್ಟು ಎಂದು ಅದರಲ್ಲೇ ಅಳೆಯಿರಿ.

ಹೇಳುವ ಹೆಸರಿಗೂ ಆಕಾಶಕ್ಕೂ ಸಂಬಂಧವೇ ಇಲ್ಲದಿದ್ದರೆ ಸಾಧನ ತೋರಿಸುವ ದಿನಾಂಕ ನೋಡಿ. ಅದು ದಿನಾಂಕವನ್ನು ಜಿಪಿಎಸ್ ಉಪಗ್ರಹಗಳಿಂದ ಪಡೆದು, ಯಾವುದು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಜಿಪಿಎಸ್‌ನ ವಾರದ ಎಣಿಕೆ 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗಾಯಿತು. ಹಳೆಯ ರಿಸೀವರ್‌ಗಳು ಅಲ್ಲಿಂದೀಚೆಗೆ ಸುಮಾರು 19 ವರ್ಷ 7 ತಿಂಗಳ ಹಿಂದಿನ ದಿನಾಂಕ ತೋರಿಸಬಹುದು.