ಮಗು ಹೇಳಿಕೊಂಡ ಮೇಲೆ ಸಂಸ್ಥೆ ಸಭೆಗೆ ಕಾಯಬಹುದೇ?

ಪ್ರಶ್ನೆ: ನಾನು ಒಂದು ಸಣ್ಣ ಟ್ರಸ್ಟಿನ ಕಾರ್ಯಕರ್ತೆ. ಏಳು ಮಂದಿ ಸಿಬ್ಬಂದಿ ಇದ್ದೇವೆ. ಮೂರು ಹಳ್ಳಿಗಳಲ್ಲಿ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತೇವೆ. ಪಾಠ ಹೇಳಲು ಬರುವ ಸ್ವಯಂಸೇವಕರೊಬ್ಬರು ಮೈಮುಟ್ಟಿ ಅಸಭ್ಯವಾಗಿ ನಡೆದುಕೊಂಡರೆಂದು ಹುಡುಗಿಯೊಬ್ಬಳು ನನ್ನಲ್ಲಿ ಹೇಳಿಕೊಂಡಿದ್ದಾಳೆ. ‘ಮೊದಲು ನಾವೇ ವಿಚಾರಿಸೋಣ, ಸಂಸ್ಥೆಯ ಹೆಸರು ಕೆಡಬಾರದು’ ಎನ್ನುತ್ತಾರೆ ನಮ್ಮ ಕಾರ್ಯದರ್ಶಿಗಳು. ನಾನೇನು ಮಾಡಲಿ?

ಉತ್ತರ: ಪತ್ರ ಕೈಸೇರಿದ ದಿನವೇ ನಿಮಗೆ ಫೋನಿನಲ್ಲಿ ಹೇಳಿದ್ದನ್ನು ಇತರ ಓದುಗರಿಗಾಗಿಯೂ ಬರೆಯುತ್ತಿದ್ದೇನೆ. ಮಗುವಿನ ಗುರುತು ಹತ್ತದಿರಲೆಂದು ನಿಮ್ಮ ಊರು, ಜಿಲ್ಲೆಗಳ ಹೆಸರನ್ನು ಕೈಬಿಟ್ಟಿದ್ದೇನೆ.

ಸಭೆಗೆ ಕಾಯುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಿರಲಿ, ಅದನ್ನು ಸ್ಥಳೀಯ ಪೊಲೀಸರಿಗೆ ಇಲ್ಲವೇ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಠಾಣೆಗೆ ಒಬ್ಬರೇ ಹೋಗಲು ಅಳುಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ನೆರವು ಕೇಳಿ. ತಿಳಿಸದೆ ಉಳಿದವರಿಗೆ ಆರು ತಿಂಗಳವರೆಗಿನ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು; ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗಾದರೆ ಒಂದು ವರ್ಷದವರೆಗಿನ ಸೆರೆವಾಸದ ಜೊತೆಗೆ ದಂಡವೂ ಇದೆ. ಕಾರ್ಯದರ್ಶಿಗಳಿಗೆ ಇದನ್ನು ಓದಿ ಹೇಳಿ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಅದೇ ಕಲಮಿನಲ್ಲಿ ರಕ್ಷಣೆಯಿದೆ ಎಂಬುದು ನಿಮಗೂ ತಿಳಿದಿರಲಿ.

‘ನಾವೇ ವಿಚಾರಿಸೋಣ’ ಎಂಬ ಮಾತಿನ ಹಿಂದೆ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಆದರೆ ಅದು ಹೇಗೆ ನಡೆಯುತ್ತದೆಂದು ನಾನು ಹತ್ತಿರದಿಂದ ಕಂಡಿದ್ದೇನೆ. ಒಂದು ಸಂಸ್ಥೆಯಲ್ಲಿ ನಾಲ್ವರು ಹಿರಿಯರು ಕುರ್ಚಿಗಳಲ್ಲಿ ಕುಳಿತು, ಎದುರಿಗೆ ಚಾಪೆಯ ಮೇಲೆ ಕೂರಿಸಿದ ಹುಡುಗಿಯನ್ನು ‘ಸರಿಯಾಗಿ ನೆನಪು ಮಾಡಿಕೊಂಡು ಹೇಳವ್ವ’ ಎಂದು ಕೇಳಿದರು. ಮೂರನೆಯ ಸಲ ಕೇಳುವಷ್ಟರಲ್ಲಿ ಆಕೆ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ‘ಏನೂ ಆಗಿಲ್ರಿ’ ಎಂದುಬಿಟ್ಟಳು. ಅಲ್ಲಿಗೆ ಕಡತ ಮುಚ್ಚಿತು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ದಾಖಲಿಸಬೇಕೆಂದು ಪೋಕ್ಸೊ ಹೇಳುವುದು ಈ ಕಾರಣಕ್ಕೇ. ನೀವು ಮಾಡಬೇಕಾದುದಿಷ್ಟು: ಆಕೆ ನಿಮಗೆ ಹೇಳಿದ್ದನ್ನು ಅವಳ ಮಾತಿನಲ್ಲಿಯೇ, ದಿನಾಂಕ ಹಾಕಿ ಬರೆದಿಡಿ, ಮತ್ತೆ ಮತ್ತೆ ಕೆದಕಬೇಡಿ, ಆ ವ್ಯಕ್ತಿ ಮೂರೂ ಕೇಂದ್ರಗಳಿಂದ ದೂರವಿರುವಂತೆ ನೋಡಿಕೊಳ್ಳಿ.

ಇನ್ನು ಸಂಸ್ಥೆಯ ಕಟ್ಟುಪಾಡುಗಳ ವಿಷಯ. ಮಕ್ಕಳ ಒಡನಾಟವಿರುವ ಸಂಸ್ಥೆಗಳು ಕಾಯಂ ಮತ್ತು ಗುತ್ತಿಗೆ ಸಿಬ್ಬಂದಿಯೆಲ್ಲರ ಹಿನ್ನೆಲೆಯನ್ನು ಕಾಲಕಾಲಕ್ಕೆ ಪೊಲೀಸರ ಮೂಲಕ ಪರಿಶೀಲಿಸಬೇಕೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಸಂಬಳವಿಲ್ಲದೆ ಬರುವವರಿಗೂ ಇದು ಅನ್ವಯವಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಉಪಕಾರಕ್ಕೆ ಬಂದವರನ್ನು ಪ್ರಶ್ನಿಸಲು ನಾವೆಲ್ಲರೂ ಸಂಕೋಚಪಡುತ್ತೇವೆ. ಸಿಬ್ಬಂದಿ ಹತ್ತಕ್ಕಿಂತ ಕಡಿಮೆಯಿರುವುದರಿಂದ, ಕೆಲಸದ ಜಾಗದಲ್ಲಿ ನಿಮಗೇ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ನಿಮ್ಮ ಟ್ರಸ್ಟಿನ ಮಕ್ಕಳ ರಕ್ಷಣಾ ನೀತಿ ಇಂಗ್ಲಿಷಿನಲ್ಲಿದ್ದು, ದಾನಿಗಳಿಗೆ ಕಳುಹಿಸಿದ ಮೇಲೆ ಬೀರುವಿನಲ್ಲಿಯೇ ಉಳಿದಿದೆ ಎಂದು ಬರೆದಿದ್ದೀರಿ. ಅದರ ಮುಖ್ಯ ಅಂಶಗಳನ್ನು ಒಂದೇ ಪುಟದಲ್ಲಿ ಕನ್ನಡಕ್ಕೆ ತಂದು, 1098ರ ಜೊತೆಗೆ ಟ್ರಸ್ಟಿಗೆ ಹೊರಗಿನವರಾದ ಒಬ್ಬ ನಂಬಿಕಸ್ಥ ಮಹಿಳೆಯ ಫೋನ್ ಸಂಖ್ಯೆಯನ್ನೂ ಸೇರಿಸಿ, ಪ್ರತಿ ಕೇಂದ್ರದ ಗೋಡೆಗೆ ಮಕ್ಕಳ ಕಣ್ಣಿಗೆ ಬೀಳುವಷ್ಟು ಎತ್ತರದಲ್ಲಿ ಅಂಟಿಸಿ.