ಚಿತ್ರಪುಸ್ತಕ ಓದಿದ ಮೇಲೆ ನಾಲ್ಕು ವರ್ಷದ ಮಗುವಿಗೆ ಮನೆಯಲ್ಲೇ ಏನು ಮಾಡಿಸಬಹುದು? ಕ್ರಾಫ್ಟ್ ಸಾಮಾನು ಕೊಳ್ಳಲೇಬೇಕಾ?

ಬೇಕಿಲ್ಲ. ನಾವು ಕಲಬುರಗಿಯವರು, ಮನೆಯಲ್ಲಿ ತೊಗರಿ ಬೇಳೆ, ಜೋಳಕ್ಕಂತೂ ಕೊರತೆಯಿಲ್ಲ, ಅಲ್ವಾ?

ಪುಸ್ತಕದಲ್ಲಿ ಬಂಡಿಯೋ ಬಸ್ಸೋ ಬಂದರೆ ಕಣಕಿಯಿಂದಲೇ, ಅಂದರೆ ಒಣಗಿದ ಜೋಳದ ದಂಟಿನಿಂದಲೇ ಅದನ್ನು ಮಾಡಿ. ದಂಟಿನ ಸಿಪ್ಪೆಯನ್ನು ನೀವೇ ಸುಲಿಯಿರಿ, ಅದು ಬ್ಲೇಡಿನ ಹಾಗೆ ಕೈ ಕೊಯ್ಯುತ್ತದೆ. ಒಳಗಿನ ಬೆಂಡು ಮೆತ್ತಗಿರುತ್ತದೆ. ಅದನ್ನು ಬೆರಳುದ್ದ ತುಂಡು ಮಾಡಿ ಕೊಡಿ. ಜೋಡಿಸಲು ಅಂಟು ಬೇಡ, ಮೊನೆ ಮುರಿದ ಬೆಂಕಿಕಡ್ಡಿ ಚುಚ್ಚಿದರೆ ನಿಲ್ಲುತ್ತದೆ. ನನ್ನ ಮಗಳ ಮೊದಲ ಬಂಡಿಗೆ ಮೂರೇ ಗಾಲಿ. ನಾನು ಸರಿ ಮಾಡಲು ಹೋಗಲಿಲ್ಲ. "ಎತ್ತು ಯಾವ ಕಡೆ ಕಟ್ಟೋಣ?" ಅಂತ ಕೇಳಿದೆ. ಅರ್ಧ ಗಂಟೆ ಕಥೆ ಹೇಳಿದಳು! ಚುಚ್ಚುವುದು, ಹಿಡಿಯುವುದರಿಂದ ಬೆರಳಿಗೆ ಬರುವ ಹಿಡಿತವೇ ಮುಂದೆ ಪೆನ್ಸಿಲ್ ಹಿಡಿಯಲು ಬೇಕಾಗುವುದು.

ಪ್ರಾಣಿಗಳ ಪುಸ್ತಕವಾದರೆ ಹಿಟ್ಟಿನ ಆನೆ, ಇಲಿ ಮಾಡಿಸಿ. ಜೋಳದ ಹಿಟ್ಟಿನಲ್ಲಿ ಜಿಗುಟಿಲ್ಲ, ಒಣಗುತ್ತಲೇ ಬಿರುಕು ಬಿಡುತ್ತದೆ. ಗೋಧಿ ಹಿಟ್ಟಿಗೆ ಉಪ್ಪು, ಸ್ವಲ್ಪ ಎಣ್ಣೆ ಹಾಕಿ ಕಲಸಿ. ಬಣ್ಣಕ್ಕೆ ಅರಿಶಿನ ಸಾಕು.

ಎಣಿಕೆಯ ಪುಸ್ತಕಕ್ಕೆ ಹಸಿ ತೊಗರಿಕಾಯಿ ಸುಲಿಸಿ, ಒಂದೊಂದರಲ್ಲಿ ಎಷ್ಟು ಕಾಳು ಅಂತ ಎಣಿಸಲಿ. ಆದರೆ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕಾಳು ಕೊಡಲೇಬೇಡಿ, ಮೂಗಿಗೆ ತುರುಕಿಕೊಳ್ಳುತ್ತವೆ.

ಪುಸ್ತಕ ಬೇಕಿದ್ದರೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣ ನೋಡಿ. ಕನ್ನಡದವೂ ಪುಕ್ಕಟೆ ಸಿಗುತ್ತವೆ.