ತೋಡು ದಾಟುವಾಗ ಎಟಿವಿ ಮಿಸ್ಸಿಂಗ್: ಪ್ಲಗ್‌ಗಿಂತ ಮೊದಲು ಗಾಳಿ ಟ್ಯೂಬ್ ನೋಡಿ

ನೀವು ಬರೆದಿರುವುದು ಇಷ್ಟು: ಕಾಸರಗೋಡಿನ ಮುಳ್ಳೇರಿಯಾ ಕಡೆಯ ತೋಟದಲ್ಲಿ ಗೊಬ್ಬರ, ಅಡಿಕೆ ಗೊನೆ ಸಾಗಿಸುವ ಕಾರ್ಬ್ಯುರೇಟರ್ ಎಟಿವಿ (ಗುಡ್ಡ, ಕೆಸರಲ್ಲೂ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿ). ತೋಡಿನ (ಸಣ್ಣ ಹಳ್ಳದ) ನೀರು ಫುಟ್‌ರೆಸ್ಟ್ ಹತ್ತಿರ ಬಂದ ಕೂಡಲೇ ಮಿಸ್ಸಿಂಗ್ (ಇಂಜಿನ್ ತಡವರಿಸುವುದು) ಶುರು, ಆಚೆ ದಡ ಹತ್ತಿದರೆ ಅರ್ಧ ನಿಮಿಷದಲ್ಲಿ ಸರಿ. ಸ್ಪಾರ್ಕ್ ಪ್ಲಗ್ ಹೊಸತು ಹಾಕಿದ್ದಾಯಿತು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದದ್ದೂ ಆಯಿತು, ತೊಂದರೆ ಹೋಗಲಿಲ್ಲ.

ಆ ‘ಅರ್ಧ ನಿಮಿಷ’ ಎಂಬ ಮಾತಿನಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಕರೆಂಟಿನ ಭಾಗ ಒದ್ದೆಯಾಗಿದ್ದರೆ ಇಂಜಿನ್ ಬಿಸಿಗೆ ಒಣಗುವುದಕ್ಕೆ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ ಬೇಕು. ಪೆಟ್ರೋಲಿಗೆ ನೀರು ಸೇರಿದ್ದರೆ ದಡ ಹತ್ತಿದ ಮೇಲೂ ಮಿಸ್ಸಿಂಗ್ ಬಿಡುವುದಿಲ್ಲ. ನೀರಿಗೆ ಇಳಿದೊಡನೆ ಶುರುವಾಗಿ, ಹತ್ತಿದೊಡನೆ ನಿಲ್ಲುವುದಾದರೆ ನಾನು ಮೊದಲು ಕೈಹಾಕುವುದು ಕಾರ್ಬ್ಯುರೇಟರಿನ ಗಾಳಿ ಟ್ಯೂಬಿಗೆ.

ಕಾರ್ಬ್ಯುರೇಟರ್ ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನಿಗೆ ಕೊಡುವ ಭಾಗ. ಅದರ ಬೌಲಿನಲ್ಲಿ (ತಳದ ಬಟ್ಟಲಲ್ಲಿ) ನಿಂತ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಒತ್ತಡ ಬೀಳುತ್ತಿರಬೇಕು. ಆಗ ಮಾತ್ರ ಅದು ಜೆಟ್ (ಸಣ್ಣ ರಂಧ್ರ) ಮೂಲಕ ಮೇಲೇರುತ್ತದೆ. ಆ ಗಾಳಿ ಒಳಗೆ ಹೋಗುವುದು ಬದಿಯಿಂದ ಹೊರಟ ಸಪೂರ ರಬ್ಬರ್ ಟ್ಯೂಬುಗಳಿಂದ. ಅನೇಕ ಗಾಡಿಗಳಲ್ಲಿ ಅವುಗಳ ಬಾಯಿ ಕೆಳಗೆ, ಇಂಜಿನ್ ಅಡಿಯಲ್ಲಿ ನೇತಾಡುತ್ತಿರುತ್ತದೆ. ಬಾಯಿ ನೀರಿನಲ್ಲಿ ಮುಳುಗಿದರೆ ಬೌಲಿಗೆ ಗಾಳಿ ಬಂದ್. ಹತ್ತು ಸೆಂಟಿಮೀಟರ್ ನೀರಿನ ಒತ್ತಡ ನಮಗೆ ಏನೂ ಅಲ್ಲದಿರಬಹುದು, ಆದರೆ ಕಾರ್ಬ್ಯುರೇಟರ್ ಕೆಲಸ ಮಾಡುವುದೇ ಅಂಥ ಸಣ್ಣ ವ್ಯತ್ಯಾಸದ ಮೇಲೆ. ಇಷ್ಟು ಸಾಲದೆಂಬಂತೆ, ನಮ್ಮ ಕೆಂಪು ಮಣ್ಣಿನ ಕೆಸರು ಟ್ಯೂಬಿನ ಬಾಯಿಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ನಿಲ್ಲಿಸಿಟ್ಟ ಗಾಡಿಯಾದರೆ ಕಡಜ ಜಾತಿಯ ಹುಳ ಅಲ್ಲೇ ಮಣ್ಣಿನ ಗೂಡು ಕಟ್ಟುವುದೂ ಉಂಟು. ಹಾಗಾಗಿ ಪ್ರತಿ ಟ್ಯೂಬ್ ಕಳಚಿ ಊದಿ ನೋಡಿ, ಗಾಳಿ ಸಲೀಸಾಗಿ ದಾಟಬೇಕು.

ರಿಪೇರಿಗೆ ದೊಡ್ಡ ಖರ್ಚಿಲ್ಲ. ಹಳೆಯ ಟ್ಯೂಬಿನ ಒಂದು ತುಂಡು ಅಂಗಡಿಗೆ ಒಯ್ದು ಅದೇ ಒಳಅಳತೆಯ ಪೆಟ್ರೋಲ್ ಟ್ಯೂಬ್ ತನ್ನಿ, ಒಂದೊಂದಕ್ಕೆ ಸುಮಾರು ಒಂದು ಮೀಟರ್. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್ ಬೇಡ, ಪೆಟ್ರೋಲ್ ತಾಗಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಟ್ಯೂಬನ್ನು ಟ್ಯಾಂಕಿನ ಅಡಿಯಿಂದ ಮೇಲೆ ಎಳೆದು, ಹ್ಯಾಂಡಲಿನ ಕವರ್ ಒಳಗೆ ಬಾಯಿ ಕೆಳಮುಖವಾಗುವ ಹಾಗೆ ಬಾಗಿಸಿ ಕಟ್ಟಿ. ಕೇಬಲ್ ಟೈ ಬಿಗಿಯಾಗಿ ಎಳೆದರೆ ಟ್ಯೂಬ್ ಅಮುಕಿ ಮತ್ತೆ ಅದೇ ರೋಗ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಿಯೂ ಮಡಚುವುದಿಲ್ಲ ಎಂದು ನೋಡಿಕೊಳ್ಳಿ. ದಾರಿಯಲ್ಲಿ ಎಲ್ಲೂ ತಗ್ಗಿ ನೇತಾಡಬಾರದು, ಆ ತಗ್ಗಿನಲ್ಲಿ ಪೆಟ್ರೋಲ್ ನಿಂತು ಗಾಳಿಗೆ ಅಡ್ಡವಾಗುತ್ತದೆ. ಬಾಯಿಗೆ ನೇರ ಗಾಳಿ ಬಡಿಯುವ ಜಾಗವೂ ಬೇಡ.

ಇಲ್ಲಿ ಒಂದು ತಪ್ಪು ತುಂಬ ಜನ ಮಾಡುತ್ತಾರೆ. ಬೌಲಿನ ತಳದಲ್ಲಿ, ಸ್ಕ್ರೂ ಇರುವ ಕಡೆಯಿಂದ ಬರುವ ಟ್ಯೂಬ್ ಪೆಟ್ರೋಲ್ ಹೊರಬಿಡುವ ಡ್ರೈನ್. ಅದು ಕೆಳಗೇ ಇರಬೇಕು. ಅದನ್ನು ಮೇಲೆ ಕಟ್ಟುವುದಾಗಲಿ, ಯಾವುದೇ ಗಾಳಿ ಟ್ಯೂಬಿಗೆ ಬೂಚು ಹಾಕುವುದಾಗಲಿ ದಯವಿಟ್ಟು ಮಾಡಬೇಡಿ.

ಇಷ್ಟಾದ ಮೇಲೂ ಮಿಸ್ಸಿಂಗ್ ಉಳಿದರೆ ಕರೆಂಟಿನ ಕಡೆ ನೋಡಿ. ಕತ್ತಲಾದ ಮೇಲೆ, ಬಯಲಲ್ಲಿ, ಇಂಜಿನ್ ಐಡಲಿನಲ್ಲಿಟ್ಟು ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಪ್ಲಗ್ ಕ್ಯಾಪ್, ಅದರ ವಯರ್, ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಮೇಲೆ ಒಂದೊಂದಾಗಿ ಸಿಂಪಡಿಸಿ. ಕೈ ದೂರವಿರಲಿ. ಎಲ್ಲಿ ಸಿಂಪಡಿಸಿದಾಗ ಇಂಜಿನ್ ತಡವರಿಸುತ್ತದೋ, ನೀಲಿ ಕಿಡಿ ಹಾರುತ್ತದೋ, ಅಲ್ಲೇ ಕರೆಂಟ್ ಸೋರಿಕೆ. ಕ್ಯಾಪ್ ವಯರಿಗೆ ತಿರುಪಿ ಕೂರುವ ಬಗೆಯದಾದರೆ ಬಿಚ್ಚಿ, ವಯರಿನ ತುದಿ ಐದು ಮಿಲಿಮೀಟರ್ ಕತ್ತರಿಸಿ, ಹೊಸ ಕ್ಯಾಪ್ ಹಾಕಿ. ರಬ್ಬರಿನ ಒಳ ಅಂಚಿಗೆ ಕರೆಂಟ್ ಕೆಲಸಕ್ಕೆಂದೇ ಬರುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಚಕ್ರದ ಗ್ರೀಸ್ ಅಲ್ಲ, ಅದು ರಬ್ಬರನ್ನು ಕೆಡಿಸಬಹುದು. ಸಿಡಿಐ (ಪ್ಲಗ್ ಕಿಡಿಯನ್ನು ನಿಯಂತ್ರಿಸುವ ಪೆಟ್ಟಿಗೆ) ಮತ್ತು ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕನೆಕ್ಟರ್ ಒಳಗೆ ಹಸಿರು ಕಿಲುಬು ಇದ್ದರೆ ತೆಗೆಯಿರಿ. ಗಾಡಿ ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಮಾದರಿಯದಾಗಿದ್ದರೆ ಬೌಲಿನ ಟ್ಯೂಬಿನ ಮಾತೇ ಇಲ್ಲ, ಇಲ್ಲಿಂದಲೇ ಶುರು ಮಾಡಬೇಕಿತ್ತು.

ಬೌಲಿನ ಡ್ರೈನ್ ಸಡಿಲಿಸಿ ಬಂದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಈಗಿನ ಶೇ. 20 ಎಥನಾಲ್ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಮಿತಿ ದಾಟಿದರೆ ಎಥನಾಲೂ ನೀರೂ ಒಟ್ಟಾಗಿ ಕೆಳಗಿಳಿಯುತ್ತವೆ. ಆಗ ಟ್ಯಾಂಕನ್ನೇ ಖಾಲಿ ಮಾಡುವುದು ಒಳ್ಳೆಯದು.

ಇಂಜಿನ್ ಜೋರಾಗಿ ಕೂಗುತ್ತಿದ್ದು ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಅದು ಮಿಸ್ಸಿಂಗ್ ಅಲ್ಲ, ಚಕ್ರಕ್ಕೆ ಶಕ್ತಿ ಒಯ್ಯುವ ಬೆಲ್ಟಿನ ಡಬ್ಬಿಗೆ ನೀರು ಹೊಕ್ಕಿದೆ. ಡ್ರೈನ್ ತೆರೆದು ನೀರು ಬಿಟ್ಟು, ನ್ಯೂಟ್ರಲಿನಲ್ಲಿ ಸ್ವಲ್ಪ ರೇಸ್ ಕೊಟ್ಟರೆ ಒಣಗುತ್ತದೆ.

ನೀರಿನ ಮಧ್ಯೆ ಇಂಜಿನ್ ನಿಂತೇ ಹೋದರೆ ಮಾತ್ರ ಸ್ಟಾರ್ಟರ್ ಒತ್ತಲೇಬೇಡಿ. ದೂಡಿ ದಡಕ್ಕೆ ತಂದು ಏರ್‌ಫಿಲ್ಟರ್ ಡಬ್ಬಿ ತೆರೆಯಿರಿ. ಒಳಗೆ ನೀರಿದ್ದರೆ ಸಿಲಿಂಡರಿಗೂ ಇಳಿದಿರಬಹುದು. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಪಿಸ್ಟನ್ ಮೇಲೇರುವಾಗ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪ್ಲಗ್ ಬಿಚ್ಚಿ, ಕ್ಯಾಪನ್ನು ರಂಧ್ರದಿಂದ ದೂರ ಇಟ್ಟು, ಕಿಲ್ ಸ್ವಿಚ್ ಆಫ್ ಮಾಡಿ, ಕಿಕ್ಕರ್ ಅಥವಾ ಹಗ್ಗದಿಂದ ಇಂಜಿನ್ ತಿರುಗಿಸಿ ನೀರು ಚಿಮ್ಮಿಸಿ. ಫೋಮ್ ಫಿಲ್ಟರಾದರೆ ಸೋಪು ನೀರಲ್ಲಿ ತೊಳೆದು ಒಣಗಿಸಿ ಫಿಲ್ಟರ್ ಆಯಿಲ್ ಹಚ್ಚಿ. ಒದ್ದೆಯಾದ ಪೇಪರ್ ಫಿಲ್ಟರನ್ನು ಬದಲಾಯಿಸುವುದೇ ಸರಿ. ಇಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸ್ಟಾರ್ಟ್ ಮಾಡದೆ ಬದಲಾಯಿಸಿ, ಕೆಲ ನಿಮಿಷ ಓಡಿಸಿ ಮತ್ತೆ ಬದಲಾಯಿಸಿ. ಸ್ವಚ್ಛ ಬಣ್ಣ ಬರುವವರೆಗೆ ಎರಡು ಮೂರು ಸಲ ಬೇಕಾಗುತ್ತದೆ.

ಟ್ಯೂಬ್ ಮೇಲೆ ಕಟ್ಟಿದ ಮಾತ್ರಕ್ಕೆ ಆಳ ನೀರಿಗೆ ಇಳಿಯುವ ಧೈರ್ಯ ಬೇಡ. ಫುಟ್‌ರೆಸ್ಟ್ ಮುಳುಗುವಷ್ಟು ನೀರಿದ್ದರೆ ದಾಟಬಾರದು. ಜೂನ್, ಜುಲೈಯಲ್ಲಿ ಕೆಂಪು ನೀರು ಬರುವಾಗ ತೋಡಿನ ತಳವೂ ಕಾಣುವುದಿಲ್ಲ. ದಾಟುವಾಗ ನಡಿಗೆಯ ವೇಗ, ಒಂದೇ ಸಮನೆ ಆಕ್ಸಿಲರೇಟರ್. ದಡ ಹತ್ತಿದ ಮೇಲೆ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಹಿಡಿದು ಒಣಗಿಸಿ, ಆಮೇಲೆ ಗುಡ್ಡೆ ಇಳಿಯಿರಿ.